ನಾರ್ಕೊಂಡಂ ಮಂಗಟ್ಟೆ: ಮುನ್ನೂರು ಇದ್ದದ್ದು ಸಾವಿರ ಆಗಿದೆಯಂತೆ, ಇನ್ನು ಚಿಂತೆ ಬಿಡಬಹುದೇ?

ಸುರತ್ಕಲ್ ಪೇಟೆ
ಕಾಲೇಜು ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊನ್ನೆಯಿಂದ ಒಂದು ಜಗಳ ಮುಗಿಯುತ್ತಲೇ ಇಲ್ಲ. ಅಲ್ಲಿ ತೀರದ್ದನ್ನು ಇಲ್ಲಿ ತಂದು ಹಾಕುತ್ತಿದ್ದೇನೆ.

ವಿಷಯ ನಾರ್ಕೊಂಡಂ ಮಂಗಟ್ಟೆ. ಅಂಡಮಾನಿನ ನಾರ್ಕೊಂಡಂ ಎಂಬ ಒಂದೇ ದ್ವೀಪದಲ್ಲಿ ಬದುಕುವ ಹಾರ್ನ್‌ಬಿಲ್ ಇದು, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ದ್ವೀಪದ ವಿಸ್ತೀರ್ಣ ಸುಮಾರು 6.8 ಚದರ ಕಿಲೋಮೀಟರ್. ನಾವು ಓದುವ ಕಾಲದಲ್ಲಿ ಮುನ್ನೂರು ಚಿಲ್ಲರೆ ಹಕ್ಕಿಗಳು ಉಳಿದಿವೆ ಎನ್ನುತ್ತಿದ್ದರು. 2019-20ರ ಸಮೀಕ್ಷೆ ಸಾವಿರಕ್ಕೂ ಮಿಕ್ಕಿ ಇವೆ ಎನ್ನುತ್ತದೆ. ಗೆಳೆಯನ ವಾದ ಹೀಗಿದೆ: ಹಕ್ಕಿ ಮೂರು ಪಟ್ಟು ಹೆಚ್ಚಿದೆ, ಇನ್ನು ಅಲ್ಲಿ ಕರಾವಳಿ ಕಾವಲು ಪಡೆಯ ರಾಡಾರ್ ಬಂದರೂ ರಸ್ತೆ ಬಂದರೂ ಏನೂ ಆಗುವುದಿಲ್ಲ, ಪರಿಸರವಾದಿಗಳದ್ದು ಬರೀ ಹಟ.

ಇದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಅನ್ನಿಸಿಕೆಯನ್ನು ಹಿಡಿದುಕೊಂಡು ಅವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ತಿಳಿದವರು ಹೇಳಿ.

ಕಾಪು ದೀಪಸ್ತಂಭ
ಗೆಳೆಯನನ್ನು ಗುಂಪಿನಿಂದ ತೆಗೆಯಿರಿ. ಸಮಸ್ಯೆ ಮುಗಿಯಿತು.

ಬೈಂದೂರು ಬಸ್
ಇದೇ ಅಲ್ಲವೇ ಅಂಡಮಾನಿನಲ್ಲಿ ದೊಡ್ಡ ಬಂದರು ಕಟ್ಟುತ್ತೇವೆ ಎಂದು ಲಕ್ಷಗಟ್ಟಲೆ ಮರ ಕಡಿಯಲು ಹೊರಟಿರುವ ದ್ವೀಪ? ಬಂದರು ಬಂದ ಮೇಲೆ ಸಾವಿರ ಏನು, ಹತ್ತು ಹಕ್ಕಿಯೂ ಇರುವುದಿಲ್ಲ.

ಹಕ್ಕಿ ನೋಡುವವಳು, ಮಣಿಪಾಲ
ಬೈಂದೂರಿನವರೇ, ಅದು ಗ್ರೇಟ್ ನಿಕೋಬಾರ್. ದ್ವೀಪಸಮೂಹದ ದಕ್ಷಿಣದ ತುದಿ, ಗಲಾಥಿಯಾ ಕೊಲ್ಲಿ, ಕಡಲಾಮೆಗಳು ಮೊಟ್ಟೆ ಇಡುವ ಜಾಗ. ನಾರ್ಕೊಂಡಂ ಇರುವುದು ಉತ್ತರದ ತುದಿಯ ಕಡೆ, ಉತ್ತರ ಅಂಡಮಾನಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ, ಸುತ್ತ ಬರೀ ಸಮುದ್ರ. ಎರಡನ್ನೂ ಬೆರೆಸಿದರೆ ಎರಡೂ ವಾದಗಳು ಕೆಡುತ್ತವೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಅಂಡಮಾನ್ ಮತ್ತು ನಿಕೋಬಾರಿನ ಅಷ್ಟೂ ದ್ವೀಪಗಳ ಪೈಕಿ ಮಂಗಟ್ಟೆ ಇರುವುದು ನಾರ್ಕೊಂಡಂನಲ್ಲಿ ಮಾತ್ರ. ದಟ್ಟ ಕಾಡಿರುವ ಉತ್ತರ, ಮಧ್ಯ, ದಕ್ಷಿಣ ಅಂಡಮಾನುಗಳಲ್ಲೂ ಒಂದು ಜಾತಿಯ ಮಂಗಟ್ಟೆಯೂ ಇಲ್ಲ. ಅಲನ್ ಆಕ್ಟೇವಿಯನ್ ಹ್ಯೂಮ್ 1873ರಲ್ಲಿ ಇದನ್ನು ಹೊಸ ಪ್ರಭೇದ ಎಂದು ವಿವರಿಸಿದರು. ಹೌದು, ಕಾಂಗ್ರೆಸ್ ಸ್ಥಾಪನೆಯಲ್ಲಿದ್ದ ಅದೇ ಹ್ಯೂಮ್.

ಗಂಡಿನ ತಲೆ ಮತ್ತು ಕತ್ತು ಕಂದುಗೆಂಪು, ಹೆಣ್ಣು ಪೂರ್ತಿ ಕಪ್ಪು. ಎರಡಕ್ಕೂ ಬಿಳಿ ಬಾಲ, ಗಂಟಲಿನ ಕೆಳಗೆ ನಸುನೀಲಿ ಚೀಲ. ನಮ್ಮ ಆಗುಂಬೆ, ಕುದುರೆಮುಖದ ದೊಡ್ಡ ಮಂಗಟ್ಟೆಗೆ ಹೋಲಿಸಿದರೆ ಇದು ಚಿಕ್ಕದು, ಸುಮಾರು ಎರಡಡಿ ಉದ್ದ.

ಬೈಂದೂರು ಬಸ್
ಎಲ್ಲ ದ್ವೀಪವೂ ಅಂಡಮಾನೇ. ಕಡಿಯುವವರೂ ಒಬ್ಬರೇ.

ನಿವೃತ್ತ ನಾವಿಕ
ಆ ಕಡಲಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಇಲ್ಲಿ ಕುಳಿತು ಹಕ್ಕಿ ಹಕ್ಕಿ ಎನ್ನುವುದು ಸುಲಭ. ನಾರ್ಕೊಂಡಂ ಇರುವುದು ಗಡಿಯಲ್ಲಿ. ಬರ್ಮಾ 1980ರ ದಶಕದವರೆಗೂ ಆ ದ್ವೀಪ ತನ್ನದು ಎನ್ನುತ್ತಿತ್ತು. ಕಡಲ ಗಡಿ ಒಪ್ಪಂದವಾದ ಮೇಲೆಯೇ ಆ ಮಾತು ನಿಂತದ್ದು. ಬರ್ಮಾದ ಕೋಕೋ ದ್ವೀಪಗಳು ದೂರವಿಲ್ಲ, ಅಲ್ಲಿ ಯಾರು ಏನು ಕಟ್ಟುತ್ತಿದ್ದಾರೆ ಎಂಬ ಸುದ್ದಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಹೊರದೇಶದ ದೋಣಿಗಳು ನುಗ್ಗಿ ಕಡಲಸೌತೆ ಎಂಬ ಸಮುದ್ರಜೀವಿಯನ್ನು ಬಾಚಿಕೊಂಡು ಹೋಗುತ್ತವೆ. ಕಣ್ಣಿಡುವವರು ಯಾರು? ಮಂಗಟ್ಟೆಯೇ?

ನಾನು ಹಕ್ಕಿಯ ವಿರೋಧಿಯಲ್ಲ. ಹಡಗನ್ನು ದೂರದಲ್ಲಿ ನಿಲ್ಲಿಸಿ, ಸಣ್ಣ ದೋಣಿಯಲ್ಲಿ ದಡ ಮುಟ್ಟುವಾಗ ತಲೆಯ ಮೇಲೆ ಅವು ಹಾರಿದ ಸದ್ದು ಕೇಳಿದ್ದೇನೆ. ರೆಕ್ಕೆ ಬಡಿದರೆ ಉಗಿಬಂಡಿ ಹೊರಟ ಹಾಗೆ ಕೇಳುತ್ತದೆ. ಆದರೆ ಬೆಂಗಳೂರು, ದೆಹಲಿಯಲ್ಲಿ ಕುಳಿತವರು ಗಡಿಯ ಬಗ್ಗೆ ಪಾಠ ಹೇಳಬಾರದು.

ವಕೀಲ, ಕೊಡಿಯಾಲ್‌ಬೈಲ್
ರಾಡಾರಿನ ಕಥೆಯನ್ನು ಕ್ರಮವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಡೀ ದ್ವೀಪ 1977ರಿಂದ ವನ್ಯಜೀವಿ ಧಾಮ. ಆದ್ದರಿಂದ ಅಲ್ಲಿ ಏನು ಕಟ್ಟುವುದಿದ್ದರೂ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಮುಂದೆ ಬರಬೇಕು. ಕರಾವಳಿ ಕಾವಲು ಪಡೆ ರಾಡಾರ್ ಮತ್ತು ಅದಕ್ಕೆ ವಿದ್ಯುತ್ ಕೊಡುವ ಡೀಸೆಲ್ ಘಟಕಕ್ಕೆ ಅನುಮತಿ ಕೇಳಿತು. ಮಂಡಳಿಯ ಪರವಾಗಿ ಪಕ್ಷಿತಜ್ಞ ಅಸದ್ ರಹಮಾನಿ ದ್ವೀಪಕ್ಕೆ ಹೋಗಿ ನೋಡಿ, ಬೇಡ ಎಂದು ವರದಿ ಕೊಟ್ಟರು. 2012ರಲ್ಲಿ ಆಗಿನ ಪರಿಸರ ಸಚಿವೆ ಜಯಂತಿ ನಟರಾಜನ್ ಪ್ರಸ್ತಾವವನ್ನು ತಿರಸ್ಕರಿಸಿದರು. 2014ರಲ್ಲಿ ಸರ್ಕಾರ ಬದಲಾಯಿತು, ಅನುಮತಿ ಸಿಕ್ಕಿತು.

ಅಂದರೆ ಸಾವಿರ ಹಕ್ಕಿಗಳ ಲೆಕ್ಕ ಬರುವುದಕ್ಕೆ ಮೊದಲೇ ಅನುಮತಿ ಸಿಕ್ಕಿತ್ತು. ಹಕ್ಕಿ ಹೆಚ್ಚಾಗಿದೆ ಎಂದು ಯಾರೂ ರಾಡಾರಿಗೆ ಒಪ್ಪಿಗೆ ಕೊಡಲಿಲ್ಲ. ಮುನ್ನೂರು ಎಂದು ನಂಬಿದ್ದ ಕಾಲದಲ್ಲೇ ಕೊಟ್ಟರು. ನಿಮ್ಮ ಗೆಳೆಯರಿಗೆ ಇದನ್ನು ಹೇಳಿ.

ನಿವೃತ್ತ ನಾವಿಕ
ಕೇಳಿದ ಜಾಗ ಎಷ್ಟು ಎಂಬುದನ್ನೂ ಹೇಳಿ ವಕೀಲರೇ. ಒಂದು ಹೆಕ್ಟೇರೂ ಇಲ್ಲ.

ವಕೀಲ, ಕೊಡಿಯಾಲ್‌ಬೈಲ್
0.67 ಹೆಕ್ಟೇರ್. ಒಂದೂವರೆ ಎಕರೆಗಿಂತ ತುಸು ಹೆಚ್ಚು. ಮುಚ್ಚಿಡುವಂಥದ್ದೇನಿಲ್ಲ. ಆದರೆ ಜೊತೆಗೆ ಕಾಡಿನ ಮಧ್ಯೆ ಸುಮಾರು ಎರಡು ಕಿಲೋಮೀಟರ್ ದಾರಿ ಬೇಕಿತ್ತು, ಅದನ್ನು ನೀವು ಬಿಟ್ಟಿರಿ.

ಲೆಕ್ಕದ ಮೇಷ್ಟ್ರು, ಕಾರ್ಕಳ
ಮೂಲ ಪ್ರಶ್ನೆಗೆ ಬರೋಣ. ಮುನ್ನೂರು, ಸಾವಿರ. ಈ ಎರಡನ್ನು ಒಂದೇ ಗೆರೆಯ ಮೇಲೆ ಇಟ್ಟು "ಮೂರು ಪಟ್ಟು" ಎಂದು ಭಾಗಾಕಾರ ಮಾಡುವುದೇ ತಪ್ಪು.

ಹಿಂದಿನ ಸಮೀಕ್ಷೆಗಳಲ್ಲಿ ಕೆಲವು 300ರ ಆಸುಪಾಸು ಹೇಳಿದವು, ಕೆಲವು 400ರ ಆಸುಪಾಸು. ಪ್ರತಿಯೊಬ್ಬರೂ ಎಣಿಸಿದ ರೀತಿ ಬೇರೆ, ತಲುಪಿದ ಜಾಗ ಬೇರೆ. ದ್ವೀಪ ಅಂದರೆ ಸಮತಟ್ಟಾದ ಮೈದಾನವಲ್ಲ, ಸಮುದ್ರದಿಂದ ನೇರ 710 ಮೀಟರ್ ಎದ್ದು ನಿಂತ ಗುಡ್ಡ. 2019-20ರಲ್ಲಿ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ತಂಡ ಮಾಡಿದ್ದು ಬೇರೆ ಕ್ರಮ. ಗೊತ್ತುಮಾಡಿದ ದಾರಿಗಳಲ್ಲಿ ಮತ್ತೆ ಮತ್ತೆ ನಡೆಯುವುದು, ಹಕ್ಕಿ ಕಂಡಾಗಲೆಲ್ಲ ಅದು ದಾರಿಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆದುಕೊಳ್ಳುವುದು. ಹತ್ತಿರದ್ದು ಹೆಚ್ಚು ಕಾಣುತ್ತದೆ, ದೂರದ್ದು ಮರಗಳ ಮರೆಗೆ ಹೋಗುತ್ತದೆ. ದೂರ ಹೆಚ್ಚಿದಂತೆ ಎಷ್ಟು ತಪ್ಪಿಹೋಗುತ್ತವೆ ಎಂಬುದನ್ನು ಆ ಅಳತೆಗಳಿಂದಲೇ ಲೆಕ್ಕ ಹಾಕಿ, ಕಾಣದೆ ಉಳಿದವನ್ನೂ ಸೇರಿಸುತ್ತಾರೆ. ಬಂದ ಅಂದಾಜು 1,026. ಅದರ ಕೆಳಮಿತಿ 751, ಮೇಲ್ಮಿತಿ 1,402. ಚದರ ಕಿಲೋಮೀಟರಿಗೆ ಸುಮಾರು 151 ಹಕ್ಕಿ.

ಪತ್ರಿಕೆಯವರು ನಡುವಿನ ಸಂಖ್ಯೆಯನ್ನು ಮಾತ್ರ ಹಾಕುತ್ತಾರೆ. 751 ಮತ್ತು 1,402ರ ನಡುವೆ ಅರ್ಧಕ್ಕರ್ಧ ವ್ಯತ್ಯಾಸವಿದೆ ಎಂಬುದನ್ನು ಯಾರೂ ಓದುವುದಿಲ್ಲ.

ಇನ್ನೂ ಒಂದಿದೆ. ಅದು ಒಟ್ಟು ಹಕ್ಕಿಗಳ ಸಂಖ್ಯೆ. ಮರಿ ಮಾಡುವ ಪ್ರಾಯದ ಜೋಡಿಗಳು ಅದಕ್ಕಿಂತ ಕಡಿಮೆಯೇ ಇರಬೇಕು. ಅಳಿವಿನ ಪಟ್ಟಿ ಮಾಡುವವರು ನೋಡುವುದು ಬೆಳೆದ ಹಕ್ಕಿಗಳ ಸಂಖ್ಯೆಯನ್ನು, ಮತ್ತು ಅವು ಎಷ್ಟು ಜಾಗದಲ್ಲಿ ಇವೆ ಎಂಬುದನ್ನು. ಜಾಗ 6.8 ಚದರ ಕಿಲೋಮೀಟರ್, ಅದು ಒಂದಿಂಚೂ ಬೆಳೆದಿಲ್ಲ. ಸುರತ್ಕಲ್ ಎನ್‌ಐಟಿಕೆ ಆವರಣ 295 ಎಕರೆ. ಅಂಥ ಐದಾರು ಆವರಣ ಜೋಡಿಸಿದರೆ ನಾರ್ಕೊಂಡಂ. ಅಷ್ಟರಲ್ಲೇ ಆ ಜಾತಿಯ ಇಡೀ ಪ್ರಪಂಚ.

ಸುರತ್ಕಲ್ ಪೇಟೆ
ಮೇಷ್ಟ್ರೇ, ಇದು ಬೇಕಿತ್ತು. ಹಾಗಾದರೆ ಹಕ್ಕಿ ಹೆಚ್ಚಾಗಿಯೇ ಇಲ್ಲವೇ?

ಲೆಕ್ಕದ ಮೇಷ್ಟ್ರು, ಕಾರ್ಕಳ
ಹೆಚ್ಚಾಗಿಲ್ಲ ಎಂದು ನಾನು ಎಲ್ಲಿ ಹೇಳಿದೆ? ಮೂರು ಪಟ್ಟು ಎನ್ನಬೇಡಿ ಎಂದೆ. ಆಡುಗಳನ್ನು ತೆಗೆದದ್ದು, ಬೇಟೆ ನಿಂತದ್ದು ಖಂಡಿತ ಒಳ್ಳೆಯದು ಮಾಡಿದೆ.

ಮಲ್ಪೆ ದಕ್ಕೆ
ಆಡು? ದ್ವೀಪದಲ್ಲಿ ಆಡು ಎಲ್ಲಿಂದ ಬಂತು?

ಹಕ್ಕಿ ನೋಡುವವಳು, ಮಣಿಪಾಲ
ಅಲ್ಲಿ 1960ರ ದಶಕದ ಕೊನೆಯಿಂದ ಪೊಲೀಸ್ ಹೊರಠಾಣೆ ಇದೆ, ಸಿಬ್ಬಂದಿ ಸರದಿಯ ಮೇಲೆ ಬಂದುಹೋಗುತ್ತಾರೆ. ಠಾಣೆಯ ಸುತ್ತ ಸ್ವಲ್ಪ ಕಾಡು ಸವರಿ ಬಾಳೆ, ತೆಂಗು, ಅಡಿಕೆ ಹಾಕಿದ್ದರು. 1976ರಲ್ಲಿ ಮಾಂಸಕ್ಕೆಂದು ಆಡುಗಳನ್ನು ತಂದರು. ಅವು ಕಾಡಿಗೆ ಬಿದ್ದು ನೂರಾರಾದವು. ಹಿಂದೆ ಮಂಗಟ್ಟೆಗಳ ಬೇಟೆಯೂ ನಡೆಯುತ್ತಿತ್ತು ಎಂಬುದು ದಾಖಲೆಯಲ್ಲಿದೆ. ದ್ವೀಪಗಳ ಹಕ್ಕಿಗಳ ಮೇಲೆ ಕೆಲಸ ಮಾಡಿದ ರವಿ ಶಂಕರನ್ ಮುಂತಾದವರು ಈ ಎರಡನ್ನೂ ನಿಲ್ಲಿಸಬೇಕೆಂದು ಬರೆದರು. ಬರೆದದ್ದರಿಂದ ಫಲ ಸಿಕ್ಕ ಅಪರೂಪದ ಉದಾಹರಣೆ, ಆಡುಗಳನ್ನು ಅಲ್ಲಿಂದ ತೆಗೆದರು.

ಹೆಬ್ರಿ ತೋಟ
ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಅದು ಕಾಡಿನ ವಿಷಯದಲ್ಲಿ ತಮಾಷೆಯಲ್ಲ. ದೊಡ್ಡ ಮರವನ್ನು ಆಡು ಏನೂ ಮಾಡುವುದಿಲ್ಲ. ನೋಡಿದವರಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ಕೆಳಗೆ ಬಗ್ಗಿ ನೋಡಿದರೆ ಮೊಳಕಾಲೆತ್ತರದ ಒಂದು ಸಸಿಯೂ ಇರುವುದಿಲ್ಲ. ಹಳೆ ಮರ ಬಿದ್ದ ದಿನ ಗೊತ್ತಾಗುತ್ತದೆ, ಅದರ ಜಾಗಕ್ಕೆ ಬರುವವರು ಯಾರೂ ಇಲ್ಲ ಎಂದು. ಮಂಗಟ್ಟೆಗೆ ಗೂಡು ಬೇಕಾದದ್ದು ಆ ಹಳೆ ಮರದ ಪೊಟರೆಯಲ್ಲೇ.

ಮಲ್ಪೆ ದಕ್ಕೆ
ನಮ್ಮ ನೇತ್ರಾಣಿಯಲ್ಲೂ ಆಡುಗಳಿವೆ, ಹರಕೆಗೆ ಬಿಟ್ಟವು. ಮುರ್ಡೇಶ್ವರದ ಕಡೆಯ ಬೋಟಿನವರು ಹೇಳುತ್ತಾರೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಅದೇ ದ್ವೀಪದ ಮೇಲೆ ಗುಂಡು ಹಾರಿಸುತ್ತಾರೆ ಎಂದು ದೊಡ್ಡ ಗಲಾಟೆಯೂ ಆಗಿತ್ತು. ಹರಕೆ ಹೊತ್ತವರ ಹತ್ತಿರ ಆಡು ಬಿಡಬೇಡಿ ಎಂದು ಯಾರು ಹೇಳುತ್ತಾರೆ? ನಾನಂತೂ ಹೇಳುವುದಿಲ್ಲ.

ಕಾಪು ದೀಪಸ್ತಂಭ
ನಾವಿಕರೇ, ನಿಮ್ಮ ಹೆಸರು ಬಂತು.

ನಿವೃತ್ತ ನಾವಿಕ
ನಾನು ಆಡಿಗೂ ಗುಂಡು ಹಾರಿಸಿಲ್ಲ, ಹದ್ದಿಗೂ ಹಾರಿಸಿಲ್ಲ.

ಕಾಪು ದೀಪಸ್ತಂಭ
ನನ್ನದೊಂದು ಸಲಹೆ. ನಾಲ್ಕು ಜೋಡಿ ತಂದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಬಿಡಿ. ಅದೂ ಜ್ವಾಲಾಮುಖಿಯ ಕಲ್ಲು, ಇದೂ ಜ್ವಾಲಾಮುಖಿಯ ಕಲ್ಲು. ಪ್ರವಾಸೋದ್ಯಮವೂ ಆಯಿತು, ಸಂರಕ್ಷಣೆಯೂ ಆಯಿತು.

ಮಲ್ಪೆ ದಕ್ಕೆ
ಭಾನುವಾರ ಅಲ್ಲಿ ಮನುಷ್ಯರಿಗೇ ಕಾಲಿಡಲು ಜಾಗ ಇಲ್ಲ ಮಾರಾಯರೇ. ಇರುವುದು ತೆಂಗಿನ ಮರ. ಹಕ್ಕಿ ಏನು ಬೊಂಡ ಕುಡಿಯುತ್ತದೆಯೇ?

ಸುರತ್ಕಲ್ ಪೇಟೆ
ತಮಾಷೆ ಬಿಡಿ, ಇದರಲ್ಲಿ ಗಂಭೀರ ಪ್ರಶ್ನೆಯೂ ಇದೆ. ಒಂದೇ ದ್ವೀಪದಲ್ಲಿ ಇರುವುದೇ ಅಪಾಯ ಎಂದಾದರೆ ಇನ್ನೊಂದು ಕಡೆ ಸಾಕಬಾರದೇಕೆ? ನಮ್ಮ ಪಿಲಿಕುಳದಲ್ಲಿ ಕಾಳಿಂಗ ಸರ್ಪದ ಮರಿ ಮಾಡಿಸಿದರಲ್ಲ?

ಹಕ್ಕಿ ನೋಡುವವಳು, ಮಣಿಪಾಲ
ಪ್ರಶ್ನೆ ಸರಿಯಾಗಿದೆ, ಉತ್ತರ ಸುಲಭವಿಲ್ಲ.

ಕಾಳಿಂಗ ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮೊಟ್ಟೆ ಇಡುತ್ತದೆ. ಮಂಗಟ್ಟೆಯ ಸಂಸಾರ ಬೇರೆ. ಫೆಬ್ರವರಿ ಹೊತ್ತಿಗೆ ಹೆಣ್ಣು ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆಯನ್ನೂ ಹಣ್ಣಿನ ಚೂರುಗಳನ್ನೂ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಗರಿಗಳೂ ಉದುರುತ್ತವೆ, ಹಾರಲು ಆಗುವುದಿಲ್ಲ. ತಿಂಗಳುಗಟ್ಟಲೆ ಗಂಡು ತಂದುಕೊಟ್ಟದ್ದೇ ಊಟ. ಆ ಕಾಲದಲ್ಲಿ ಒಂದು ಗಂಡು ಸತ್ತರೆ ಒಂದು ಸಂಸಾರವೇ ಹೋದ ಹಾಗೆ. ಇಂಥ ಹಕ್ಕಿಯನ್ನು ಪಂಜರದಲ್ಲಿ ಮರಿ ಮಾಡಿಸಲು ಎಷ್ಟು ಜೋಡಿಗಳನ್ನು ಕಾಡಿನಿಂದ ಕದಿಯಬೇಕು, ಎಷ್ಟು ಸಾಯುತ್ತವೆ, ಯೋಚಿಸಿ.

ಇನ್ನೊಂದು ದ್ವೀಪಕ್ಕೆ ಬಿಡುವುದಾದರೆ ಅಲ್ಲಿ ವರ್ಷವಿಡೀ ಹಣ್ಣು ಬೇಕು. ನಾರ್ಕೊಂಡಂನಲ್ಲಿ ಅಷ್ಟು ದಟ್ಟವಾಗಿ ಮಂಗಟ್ಟೆಗಳು ಇರುವುದಕ್ಕೆ ಕಾರಣವೇ ಆಲ, ಅತ್ತಿ, ಬಸರಿಯ ಬಳಗದ ಮರಗಳು. ಅಲ್ಲಿನ ದೊಡ್ಡ ಮರಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಇದೇ ಬಳಗದವು. ಒಂದು ಮರದ ಹಣ್ಣು ಮುಗಿಯುವಾಗ ಇನ್ನೊಂದರದ್ದು ಶುರು. ಮಂಗಗಳಿಲ್ಲ, ಪೈಪೋಟಿ ಕಡಿಮೆ. ಹಕ್ಕಿ ಬೀಜ ಹರಡುತ್ತದೆ, ಮರ ಹಕ್ಕಿಗೆ ಊಟ ಕೊಡುತ್ತದೆ. ಇದನ್ನು ಕಿತ್ತು ಬೇರೆ ಕಡೆ ನೆಡಲು ಆಗುವುದಿಲ್ಲ.

ಬೈಂದೂರು ಬಸ್
ಅಲ್ಲಿ ಜ್ವಾಲಾಮುಖಿ ಆಗಾಗ ಹೊಗೆ ಉಗುಳುತ್ತಿರುತ್ತದಲ್ಲ. ಒಂದು ದಿನ ಸಿಡಿದರೆ ಎಲ್ಲವೂ ಮುಗಿಯಿತು, ರಾಡಾರೂ ಹಕ್ಕಿಯೂ.

ನಿವೃತ್ತ ನಾವಿಕ
ಹೊಗೆ ಉಗುಳುವುದು ಬ್ಯಾರನ್ ದ್ವೀಪ, ಸ್ವಾಮಿ. ನಾರ್ಕೊಂಡಂನಿಂದ ನೈರುತ್ಯಕ್ಕೆ ನೂರು ಕಿಲೋಮೀಟರಿಗೂ ಮೀರಿದ ದೂರ. 1991ರಲ್ಲಿ ಅದು ಎದ್ದು, ಆಮೇಲೂ ಹಲವು ಸಲ ಸಿಡಿದಿದೆ. ನಾರ್ಕೊಂಡಂ ಸುಪ್ತ ಜ್ವಾಲಾಮುಖಿ, ಮೈ ತುಂಬ ಕಾಡು. ಇವತ್ತು ನಿಮ್ಮ ಬಸ್ಸು ಎಲ್ಲ ನಿಲ್ದಾಣಗಳನ್ನೂ ತಪ್ಪಿಸುತ್ತಿದೆ.

ಬೈಂದೂರು ಬಸ್
ಎಕ್ಸ್‌ಪ್ರೆಸ್ ಬಸ್ಸು.

ಲೆಕ್ಕದ ಮೇಷ್ಟ್ರು, ಕಾರ್ಕಳ
ದ್ವೀಪದ ಹಕ್ಕಿಗಳ ಇತಿಹಾಸ ಓದಿದರೆ ಜ್ವಾಲಾಮುಖಿಗಿಂತ ಹೆದರಬೇಕಾದದ್ದು ಸಾಮಾನಿನ ಪೆಟ್ಟಿಗೆಗೆ. ಪೆಸಿಫಿಕ್‌ನ ಗ್ವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನ ಜೊತೆ ಕಂದು ಮರಹಾವು ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಡುಹಕ್ಕಿಗಳ ಪೈಕಿ ಹೆಚ್ಚಿನವು ನಿರ್ನಾಮವಾದವು. ಒಂದು ಎಕರೆಯೂ ಕಡಿಯಬೇಕಾಗಲಿಲ್ಲ.

ಆದ್ದರಿಂದ ನಾವಿಕರು "ಒಂದು ಹೆಕ್ಟೇರೂ ಇಲ್ಲ" ಎಂದಾಗ ನಾನು ಕೇಳುವುದು ಬೇರೆ. ಜಾಗ ಎಷ್ಟು ಎಂಬುದು ಬಿಡಿ. ಡೀಸೆಲ್, ಸಿಮೆಂಟ್, ಅಕ್ಕಿ ಮೂಟೆ ಹೊತ್ತ ದೋಣಿಗಳು ವರ್ಷಕ್ಕೆ ಎಷ್ಟು ಸಲ ಬರುತ್ತವೆ, ಅವುಗಳಲ್ಲಿ ಇಲಿ ಇದೆಯೇ ಎಂದು ಯಾರು ನೋಡುತ್ತಾರೆ, ಸಿಬ್ಬಂದಿ ಬೆಕ್ಕು ನಾಯಿ ಸಾಕಿದರೆ ಯಾರು ಬೇಡ ಎನ್ನುತ್ತಾರೆ? ಅದೇ ದ್ವೀಪದಲ್ಲಿ 2021ರಲ್ಲಿ ಹೊಸ ಮೂಗಿಲಿಯ ಪ್ರಭೇದವನ್ನು ವಿಜ್ಞಾನಿಗಳು ವಿವರಿಸಿದರು. ಅಲ್ಲಿ ಏನೇನು ಇದೆ ಎಂಬ ಪಟ್ಟಿಯೇ ಇನ್ನೂ ಮುಗಿದಿಲ್ಲ.

ನಿವೃತ್ತ ನಾವಿಕ
ಈ ಮಾತನ್ನು ಒಪ್ಪುತ್ತೇನೆ. ಹಡಗಿನ ಇಲಿಯ ಬಗ್ಗೆ ನಿಮಗಿಂತ ನನಗೆ ಹೆಚ್ಚು ಗೊತ್ತು. ಆದರೆ ಇದಕ್ಕೆ ಪರಿಹಾರ ಶಿಸ್ತು. ಸರಕು ತಪಾಸಣೆ ಕಡ್ಡಾಯ ಮಾಡಿ, ಸಾಕುಪ್ರಾಣಿ ನಿಷೇಧಿಸಿ, ಗೂಡಿನ ತಿಂಗಳುಗಳಲ್ಲಿ ಕಟ್ಟಡದ ಕೆಲಸ ನಿಲ್ಲಿಸಿ. ಸಮವಸ್ತ್ರದವರಿಗೆ ಆದೇಶ ಕೊಟ್ಟರೆ ಪಾಲಿಸುತ್ತಾರೆ. ಆ ದ್ವೀಪದಲ್ಲಿ ಪ್ರವಾಸಿಗರು ಬಂದು ಪ್ಲಾಸ್ಟಿಕ್ ಎಸೆಯದೆ ಇರುವುದು ಕಾವಲು ಇರುವುದರಿಂದಲೇ ಎಂಬುದನ್ನೂ ನೆನಪಿಡಿ. ಕಾವಲು ಇಲ್ಲದಿದ್ದರೆ ಕಳ್ಳಬೇಟೆಯವರು ಎಂದೋ ಬಂದಿರುತ್ತಿದ್ದರು.

ವಕೀಲ, ಕೊಡಿಯಾಲ್‌ಬೈಲ್
ಅದೇ ಸಮವಸ್ತ್ರದ ಕಾಲದಲ್ಲೇ ಆಡು ಬಂದದ್ದು.

ನಿವೃತ್ತ ನಾವಿಕ
ಅದು ಪೊಲೀಸರು. ನಾವು ನೌಕಾಪಡೆ.

ನಿರ್ವಾಹಕ
ಇಲಾಖೆಗಳ ಜಗಳ ಇಲ್ಲಿಗೆ ಸಾಕು.

ಹೆಬ್ರಿ ತೋಟ
ನಾರ್ಕೊಂಡಂಗೆ ನಾವು ಯಾರೂ ಹೋಗುವುದಿಲ್ಲ, ಹೋಗಲು ಬಿಡುವುದೂ ಇಲ್ಲ. ನಮ್ಮ ಊರಿನ ಮಂಗಟ್ಟೆಯ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಮ್ಮ ತೋಟದ ಅಂಚಿನಲ್ಲಿ ಒಂದು ಹಳೆಯ ಧೂಪದ ಮರವಿದೆ. ಕೊಂಬೆ ಮುರಿದ ಜಾಗದಲ್ಲಿ ಪೊಟರೆ. ಬೂದು ಬಣ್ಣದ ಸಣ್ಣ ಮಂಗಟ್ಟೆ, ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವಂಥದ್ದು, ಅಲ್ಲಿ ಗೂಡು ಮಾಡುತ್ತದೆ. ಬೆಳಗಿನ ಹೊತ್ತು ಗಂಡು ಬಂದು ತೊಗಟೆಗೆ ಆತುಕೊಳ್ಳುತ್ತದೆ. ಬಾಯಿಯಲ್ಲಿ ಏನೂ ಇಲ್ಲ, ಖಾಲಿ ಕೈಯಲ್ಲಿ ಬಂತಲ್ಲ ಎನ್ನಿಸುತ್ತದೆ. ಆಮೇಲೆ ಕತ್ತನ್ನು ಒಂದು ಸಲ ಕುಲುಕುತ್ತದೆ, ಕೊಕ್ಕಿನ ತುದಿಗೆ ಒಂದು ಹಣ್ಣು ಬರುತ್ತದೆ. ಸೀಳಿನೊಳಗಿನಿಂದ ಇನ್ನೊಂದು ಕೊಕ್ಕು ಅದನ್ನು ತೆಗೆದುಕೊಳ್ಳುತ್ತದೆ. ಮತ್ತೆ ಕುಲುಕು, ಮತ್ತೊಂದು ಹಣ್ಣು. ಗೋಳಿಹಣ್ಣಾದರೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಕೆಲವು ಸಲ ರಾಂಪತ್ರೆ, ಕೆಂಪು ಪತ್ರೆ ಸಮೇತ. ಒಮ್ಮೊಮ್ಮೆ ಓತಿಕ್ಯಾತ. ಕೊಟ್ಟು ಮುಗಿದ ಮೇಲೆ ಹಾರಿಹೋಗಿ ದೂರದ ಮರದಲ್ಲಿ ಕುಳಿತು ಗಹಗಹಿಸಿ ನಗುತ್ತದೆ. ಹೊಸಬರು ಬೆಚ್ಚಿಬೀಳುತ್ತಾರೆ.

ಗೂಡಿನ ಮರದ ಬುಡಕ್ಕೆ ಹೋದರೆ ಹಿಕ್ಕೆಯ ರಾಶಿ, ಮಳೆ ಬಿದ್ದ ಮೇಲೆ ಅದರಲ್ಲಿ ಸಸಿಗಳು. ಧೂಪ, ರಾಂಪತ್ರೆ, ಗೋಳಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅಕೇಶಿಯಾ ಸಿಗುತ್ತದೆ. ಈ ಹಕ್ಕಿಯ ನರ್ಸರಿಯಲ್ಲಿ ಕಾಡು ಸಿಗುತ್ತದೆ.

ಹಕ್ಕಿ ನೋಡುವವಳು, ಮಣಿಪಾಲ
ಅಣ್ಣ, ಆ ಧೂಪದ ಮರ ಕಡಿಯಬೇಡಿ ದಯವಿಟ್ಟು. ಪೊಟರೆ ಇರುವ ಮರ ಮರಮುಟ್ಟಿಗೂ ಬರುವುದಿಲ್ಲ, ಸೌದೆಗೆಂದು ಕಡಿಸಿಬಿಡುತ್ತಾರೆ.

ಹೆಬ್ರಿ ತೋಟ
ಕೇಳಿಕೊಂಡು ಬಂದವರಿದ್ದಾರೆ. ನಾನು ಇರುವವರೆಗೆ ಇಲ್ಲ ಎಂದು ಹೇಳಿ ಕಳುಹಿಸಿದ್ದೇನೆ. ಮಗ ಬೆಂಗಳೂರಿನಲ್ಲಿದ್ದಾನೆ, ಅವನ ಮಾತು ನನಗೆ ಗೊತ್ತಿಲ್ಲ.

ಮಲ್ಪೆ ದಕ್ಕೆ
ಮಂಗಟ್ಟೆಯ ಎಣ್ಣೆ ಗಂಟುನೋವಿಗೆ ಒಳ್ಳೆಯದು ಎಂದು ಜಾತ್ರೆಯಲ್ಲಿ ಮಾರುವವನೊಬ್ಬ ಬರುತ್ತಿದ್ದ. ಈಗಲೂ ಇದ್ದಾರೆಯೇ?

ವಕೀಲ, ಕೊಡಿಯಾಲ್‌ಬೈಲ್
ಯಾರಾದರೂ ಮಾರಿದರೆ ಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ಒಂದನೇ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಕೊಂಡವನೂ ಸಿಕ್ಕಿಬೀಳುತ್ತಾನೆ. ಗಂಟುನೋವು ಜೈಲಿನ ನೆಲದ ಮೇಲೆ ಇನ್ನೂ ಹೆಚ್ಚಾಗುತ್ತದೆ.

ಕಾಪು ದೀಪಸ್ತಂಭ
ಆ ಎಣ್ಣೆ ಹಕ್ಕಿಯದ್ದಾಗಿರಲಿಲ್ಲ ಎಂದು ನನ್ನ ಗುಮಾನಿ. ತೆಂಗಿನೆಣ್ಣೆಗೆ ಒಂದು ಕೊಕ್ಕು ಅದ್ದಿ ಇಟ್ಟಿರುತ್ತಾರೆ.

ಸುರತ್ಕಲ್ ಪೇಟೆ
ಗೋಳಿಮರದ ಮಾತು ಬಂತಲ್ಲ. ಚಿಕ್ಕಂದಿನಲ್ಲಿ ಹೆದ್ದಾರಿಯ ಎರಡೂ ಬದಿ ಎಷ್ಟು ಗೋಳಿಮರಗಳಿದ್ದವು. ಹಣ್ಣಿನ ಕಾಲದಲ್ಲಿ ಡಾಂಬರು ಕೆಂಪಾಗಿ, ಸೈಕಲ್ ಜಾರುತ್ತಿತ್ತು. ಹೆದ್ದಾರಿ 66 ಅಗಲವಾಗುವಾಗ ಸಾಲಾಗಿ ಉರುಳಿಸಿದರು. ಬದಲಿಗೆ ನಡುವೆ ಕಣಗಿಲೆ ಹಾಕಿದರು, ಅದನ್ನು ಯಾವ ಹಕ್ಕಿ ತಿನ್ನುತ್ತದೆ?

ಲೆಕ್ಕದ ಮೇಷ್ಟ್ರು, ಕಾರ್ಕಳ
ಹೆದ್ದಾರಿಯನ್ನು ಬೈಯುತ್ತೀರಿ, ನಾಗಬನವನ್ನು ಬೈಯುವುದಿಲ್ಲ. ನೂರಾರು ವರ್ಷ ಯಾರೂ ಕತ್ತಿ ಹಾಕದೆ ಉಳಿದಿದ್ದ ಬನಗಳನ್ನು ಸವರಿ, ಸುತ್ತ ಗ್ರಾನೈಟ್ ಕಟ್ಟೆ, ಮೇಲೆ ತಗಡಿನ ಮಾಡು, ನೆಲಕ್ಕೆ ಇಂಟರ್‌ಲಾಕ್. ಎಲೆ ಬಿದ್ದರೆ ಕಸ ಎಂದು ಮರವನ್ನೇ ಕಡಿಸಿದ ಬನ ನಮ್ಮ ಊರಿನಲ್ಲೇ ಇದೆ. ಅದಕ್ಕೆ ಯಾವ ಕೇಂದ್ರ ಸರ್ಕಾರದ ಅನುಮತಿಯೂ ಬೇಕಾಗಲಿಲ್ಲ, ಜೀರ್ಣೋದ್ಧಾರ ಸಮಿತಿಯ ಒಂದು ಸಭೆ ಸಾಕಾಯಿತು.

ಬೈಂದೂರು ಬಸ್
ಮೇಷ್ಟ್ರೇ, ದೇವರ ವಿಷಯಕ್ಕೆ ಕೈ ಹಾಕಬೇಡಿ.

ಲೆಕ್ಕದ ಮೇಷ್ಟ್ರು, ಕಾರ್ಕಳ
ನಾಗನಿಗೆ ತಗಡಿನ ಮಾಡು ಬೇಕೆಂದು ನಾಗ ಕೇಳಿದ್ದನೇ? ನಾನು ದೇವರ ಪರವಾಗಿಯೇ ಮಾತನಾಡುತ್ತಿದ್ದೇನೆ.

ಹೆಬ್ರಿ ತೋಟ
ಬನದಲ್ಲಿ ಮರ ಹಾಕುವುದಾದರೆ ನನ್ನ ಹತ್ತಿರ ಧೂಪ, ರಾಂಪತ್ರೆಯ ಸಸಿಗಳಿವೆ, ದುಡ್ಡು ಬೇಡ. ಗೋಳಿಗೆ ಸಸಿಯೂ ಬೇಕಿಲ್ಲ, ತೋಳು ದಪ್ಪದ ಕೊಂಬೆ ಕಡಿದು ಮಳೆಗಾಲದ ಶುರುವಿಗೆ ನೆಟ್ಟರೆ ಚಿಗುರುತ್ತದೆ. ಮನೆಗೋಡೆಯ ಹತ್ತಿರ ಮಾತ್ರ ಬೇಡ.

ಸುರತ್ಕಲ್ ಪೇಟೆ
ನಿಮ್ಮ ಕಡೆ ಬಂದರೆ ಗೂಡು ನೋಡಬಹುದೇ? ಮಾರ್ಚ್‌ನಲ್ಲಿ ರಜೆ ಹಾಕುತ್ತೇನೆ, ಕ್ಯಾಮೆರಾ ಇರುವ ಇಬ್ಬರು ಗೆಳೆಯರೂ ಬರುತ್ತಾರೆ.

ಹಕ್ಕಿ ನೋಡುವವಳು, ಮಣಿಪಾಲ
ಬೇಡವೇ ಬೇಡ. ಗೂಡಿನ ಎದುರು ಕ್ಯಾಮೆರಾ ಹಿಡಿದು ಜನ ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿರುವವು ಹಸಿದಿರುತ್ತವೆ.

ಹೆಬ್ರಿ ತೋಟ
ಅಕ್ಕ ಹೇಳಿದ್ದೇ ಸರಿ. ಗೂಡಿನ ಕಾಲದಲ್ಲಿ ನಾನು ಯಾರನ್ನೂ ಕರೆಯುವುದಿಲ್ಲ, ಸ್ವಂತ ಭಾವನನ್ನೂ ಕರೆದಿಲ್ಲ. ಮರಿ ಹಾರಿದ ಮೇಲೆ, ಜೂನ್ ಕಳೆದು ಬನ್ನಿ. ಜಿಗಣೆ ಇರುತ್ತದೆ. ಕ್ಯಾಮೆರಾದವರಿಗೆ ಅದನ್ನು ಮೊದಲೇ ತಿಳಿಸಿ, ಅರ್ಧ ಜನ ಅಲ್ಲೇ ಕಡಿಮೆಯಾಗುತ್ತಾರೆ.

ಕಾಪು ದೀಪಸ್ತಂಭ
ನೀರುದೋಸೆ ಇದೆಯೇ ಎಂಬುದರ ಮೇಲೆ ನನ್ನ ಪಕ್ಷಿಪ್ರೇಮ ನಿಂತಿದೆ.

ಹೆಬ್ರಿ ತೋಟ
ಇದೆ. ಬರುವಾಗ ಮಲ್ಪೆಯವರ ಹತ್ತಿರ ಬಂಗುಡೆ ತನ್ನಿ.

ಮಲ್ಪೆ ದಕ್ಕೆ
ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಮಾರಾಯರೇ. ಒಣಮೀನು ತರುತ್ತೇನೆ.